ಸವಾರಿ ಗಾಡಿಯ ಹಿಂದಿನ ಕಮಾನು

ನರಗುಂದದ ಗುಡ್ಡದ ಮೇಲೆ ಇನ್ನೂ ಅರಸರ ಕಾವಲಿದ್ದ ಕಾಲ. ರೋಣದಲ್ಲಿ ನಮ್ಮದೊಂದು ಕುಲುಮೆ ಇತ್ತು. ನನ್ನ ಗಂಡ ಕಬ್ಬಿಣ ಬಡಿಯುತ್ತಿದ್ದರು, ನಾನು ಬೆಂಕಿಗೆ ಗಾಳಿ ಊದುವ ತಿದಿ ಒತ್ತುತ್ತಿದ್ದೆ. ಸುತ್ತಿಗೆಯ ಸದ್ದಿಗೆ ಅವರ ಕಿವಿ ಮಂದವಾಗಿತ್ತು. ಗಿರಾಕಿಗಳ ಮಾತನ್ನು ನಾನೇ ಕೂಗಿ ಹೇಳಬೇಕಿತ್ತು.

ಒಂದು ಬೆಳಿಗ್ಗೆ ನರಗುಂದದ ಅರಳೆ ವ್ಯಾಪಾರಿಯೊಬ್ಬರ ಸವಾರಿ ಗಾಡಿ ಬಂತು. ಗಾಡಿಗಿಂತ ಮೊದಲು ಅದರ ಕಿರುಚಾಟವೇ ಬಂತು. ಅಂಥದ್ದನ್ನು ನಾವು ನೋಡಿರಲಿಲ್ಲ. ಅದರ ಮೈ ನೇರವಾಗಿ ಅಚ್ಚಿನ ಮೇಲೆ ಕೂತಿರಲಿಲ್ಲ; ಹಿಂದೆ ಎಡಕ್ಕೊಂದು ಬಲಕ್ಕೊಂದು, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಮಾನುಗಳ ಮೇಲೆ ತೂಗುತ್ತಿತ್ತು. ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದ ತಾಯಿಗೆ ಕುಲುಕು ತಾಗಬಾರದೆಂದು ಸಾಹುಕಾರರು ಅದನ್ನು ಬೆಳಗಾವಿಯಿಂದ ತರಿಸಿದ್ದರು. ಗಜೇಂದ್ರಗಡದಲ್ಲಿದ್ದ ತಂಗಿಯನ್ನು ಆ ಮುದುಕಿ ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ; ಈಗ ಅಲ್ಲಿಗೇ ಹೊರಟಿದ್ದರು. ಆದರೆ ಸದ್ದಿಗೆ ಬೆದರಿದ ಎತ್ತುಗಳು ಊರ ಹೊರಗೆ ಗಾಡಿಯನ್ನು ಜೋಳದ ಹೊಲಕ್ಕೆ ಎಳೆದುಕೊಂಡು ಹೋಗಿದ್ದವು.

"ಮೂರು ಸಲ ಅಚ್ಚಿಗೆ ಕೀಲೆಣ್ಣಿ ಹಾಕ್ಸೀನಿ. ಕೂಗೋದು ನಿಂತಿಲ್ಲ," ಎಂದರು ಸಾಹುಕಾರರು.

"ಮನಿಗೆ ತಿರುಗ್ಸಪಾ. ತಂಗಿ ಮಾರಿ ನೋಡೋದು ನನ್ನ ಹಣ್ಯಾಗ ಬರದಿಲ್ಲ," ಎಂದು ಒಳಗಿನಿಂದ ತಾಯಿ ಅಳುದನಿ ತೆಗೆದರು.

ಅವರನ್ನು ಇಳಿಸಿ ನಮ್ಮ ಕಟ್ಟೆಯ ಮೇಲೆ ಕೂರಿಸಿದೆವು. ನನ್ನ ಗಂಡ ಕಮಾನಿನ ಪಟ್ಟಿಗಳ ನಡುವೆ ತುಕ್ಕು ಕಂಡು, ಉಜ್ಜಿ ಔಡಲೆಣ್ಣೆ ಬಿಟ್ಟರು. ಗಾಡಿ ನಾಲ್ಕು ಮಾರು ಹೋಗಿ ಮತ್ತೆ ಚೀರಿತು. ನೆರೆದವರು ನಕ್ಕರು. ನನ್ನವರ ಮುಖ ಸಣ್ಣದಾಯಿತು.

ನನಗೆ ತಡೆಯಲಾಗಲಿಲ್ಲ. "ಎತ್ತು ಬಿಚ್ರಿ. ಗಾಲಿ ತಿರುಗಬಾರ್ದು," ಎಂದೆ. ನಿಂತ ಗಾಡಿಯ ಎಡಬದಿಯನ್ನು ಇಬ್ಬರಿಂದ ಒತ್ತಿಸಿದೆ. ಸದ್ದಿಲ್ಲ. ಬಲಬದಿ ಒತ್ತಿಸಿದೆ. ಕಿರ್ರ್ ಎಂದಿತು! ಗಾಲಿ ಅಲುಗದೆಯೇ ಕೂಗಿದ ಮೇಲೆ ತಪ್ಪು ಅಚ್ಚಿನದಲ್ಲ. ಅವರು ಮತ್ತೆ ಮತ್ತೆ ಒತ್ತುತ್ತಿದ್ದಂತೆ ನಾನು ಒಂದು ಬೇವಿನ ಕೋಲಿನ ತುದಿಯನ್ನು ಕಬ್ಬಿಣಕ್ಕೂ ಇನ್ನೊಂದನ್ನು ಕಿವಿಗೂ ಹಚ್ಚಿ ಬಗ್ಗಿ ಕೂತೆ. ಪಟ್ಟಿಗಳ ಮೇಲಿಟ್ಟಾಗ ಸದ್ದು ದೂರ. ಕಮಾನಿನ ಹಿಂದಿನ ತುದಿಯನ್ನು ಗಾಡಿಗೆ ಹಿಡಿದಿದ್ದ ಕಬ್ಬಿಣದ ಗೂಟಕ್ಕೆ ಮುಟ್ಟಿಸಿದಾಗ ಮಾತ್ರ ಕೋಲು ಕಿವಿಯಲ್ಲೇ ಚೀರಿತು.

"ಇಲ್ಲೈತಿ ನೋಡ್ರಿ!" ಎಂದು ಕೂಗಿದೆ. ಅಷ್ಟು ಜೋರಾಗಿ ನಾನು ಗಂಡಸರ ಎದುರು ಎಂದೂ ಮಾತಾಡಿರಲಿಲ್ಲ.

"ಹೆಣ್ಮಗಳ ಮಾತಿಗೆ ಗಾಡಿ ಬಿಚ್ಚತೀರೇನು?" ಎಂದರು ಗಾಡಿ ಹೊಡೆಯುವವರು.

"ಬಿಚ್ಚತೀನಿ," ಎಂದರು ನನ್ನವರು.

ಗಾಡಿಯ ಕೆಳಗೆ ದಿಮ್ಮಿ ಕೊಟ್ಟು ಗೂಟ ಹೊಡೆದು ತೆಗೆದರು. ಅದರ ನಡು ಒಂದೇ ಕಡೆ ಸವೆದು ಅರ್ಧವಾಗಿತ್ತು. ತೂತಿನ ತುಂಬ ಒಣ ಕೆಂಪು ಪುಡಿ. ನಾನು ತಿದಿ ಒತ್ತಿದೆ. ಅವರು ಹಳೆಯದಕ್ಕಿಂತ ಒಂದು ನೂಲು ದಪ್ಪನೆಯ ಹೊಸ ಗೂಟ ಬಡಿದು ಅರದಿಂದ ನುಣುಪು ಮಾಡಿದರು, ಸವೆದು ಸೊಟ್ಟಗಾದ ತೂತನ್ನೂ ದುಂಡಗೆ ಉಜ್ಜಿದರು. ಎಣ್ಣೆಯಲ್ಲಿ ನೆನೆಸಿದ ತೊಗಲನ್ನು ತೂತಿನೊಳಗೆ ಸುತ್ತಿ ಗೂಟ ಬಡಿದು ಕೂಡಿಸಿದರು.

ಎತ್ತು ಹೂಡಿ ಗಾಡಿಯನ್ನು ಪೇಟೆಯ ಉದ್ದಕ್ಕೂ ಓಡಿಸಿದರು. ಎತ್ತುಗಳ ಗೊರಸಿನ ಸಪ್ಪಳ ಬಿಟ್ಟರೆ ಬೇರೆ ಸದ್ದಿಲ್ಲ. ಜನ ಹೋ ಎಂದರು.

ಮುದುಕಿ ನನ್ನ ಕೈ ಬಿಡಲಿಲ್ಲ. "ನೀನೂ ಹತ್ತವಾ. ಹಾದ್ಯಾಗ ಮತ್ತ ಕೂಗಿದ್ರ ಯಾರು ಕೇಳವ್ರು?"

ಹತ್ತಿದೆ. ಸವಾರಿ ಗಾಡಿಯಲ್ಲಿ ಕೂತದ್ದು ಜನ್ಮದಲ್ಲಿ ಅದೇ ಮೊದಲು. ಸೂಡಿ ದಾಟುವ ಹೊತ್ತಿಗೆ ಮುದುಕಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದರು. ಹೊತ್ತು ಮುಳುಗುವ ಮೊದಲೇ ಗಜೇಂದ್ರಗಡ ಸೇರಿದೆವು. ತಂಗಿಯ ಮನೆಯ ಮುಂದೆ ಗಾಡಿ ನಿಂತರೂ ಯಾರೂ ಹೊರಗೆ ಬರಲಿಲ್ಲ. ಸಾಹುಕಾರರು ಬಾಗಿಲು ಬಡಿದ ಮೇಲೆ, ಹಿಟ್ಟಿನ ಕೈಯಲ್ಲೇ ಓಡಿಬಂದ ತಂಗಿ ಅಕ್ಕನನ್ನು ಅಪ್ಪಿಕೊಂಡು ಅತ್ತರು, ಬೈದರು:

"ಬಾಗ್ಲಿಗೆ ಬಂದ್ರೂ ಒಂಚೂರು ಸಪ್ಪಳ ಕೇಳಸ್ಲಿಲ್ಲಲ್ಲ, ಅಕ್ಕಾ!"

ನಾನು ಗಾಡಿಯಲ್ಲೇ ಕೂತು ಗಟ್ಟಿಯಾಗಿ ನಕ್ಕುಬಿಟ್ಟೆ.