ನಾರ್ಬರ್ಟ್ ವನ

ಕೊಲ್ಲಿನಾಡಿನ ಖಾಲಿದಿಯಾದ ಕಲ್ಲುಗಣಿ ಕಂಪೆನಿಯಲ್ಲಿ ನಾರ್ಬರ್ಟನಿಗೆ ಬಹಳ ವರ್ಷ ಹೆಸರೇ ಇರಲಿಲ್ಲ. ಉಗ್ರಾಣ ನೋಡಿಕೊಳ್ಳುತ್ತಿದ್ದವನು, ‘ಸ್ಟೋರ್ಸ್’ ಎಂದು ಕೂಗಿದರೆ ಓಗೊಡುತ್ತಿದ್ದ. ಗಣಿಗೊಬ್ಬ ಪರಿಸರಾಧಿಕಾರಿ ಇರಲೇಬೇಕೆಂದು ಇಲಾಖೆ ಹಟ ಹಿಡಿದಾಗ ಅವನ ಊರಿನ ಕಡೆಯವನೇ ಆದ ಜನರಲ್ ಮ್ಯಾನೇಜರ್ ಲೆಸ್ಟರ್ ಅವನನ್ನೇ ‘ಎನ್ವಿರಾನ್‌ಮೆಂಟ್ ಮ್ಯಾನೇಜರ್’ ಮಾಡಿಬಿಟ್ಟ. ಸಂಬಳ ಹಳೆಯದೇ, ಮನುಷ್ಯ ಮಾತ್ರ ಹೊಸಬನಾದ. ಟೂರಿಸ್ಟ್ ಕ್ಲಬ್ ಏರಿಯಾದ ಫ್ಲ್ಯಾಟಿನಲ್ಲಿ ಹೆಂಡತಿ ಉರ್ಸುಲಾ ನಲ್ಲಿ ಬಿಟ್ಟರೆ ಸಾಕು, ‘ಅಂತರ್ಜಲ!’ ಎಂದು ಗದರುತ್ತಿದ್ದ. ಆ ನಲ್ಲಿಯಲ್ಲಿ ಬರುತ್ತಿದ್ದದ್ದು ಉಪ್ಪು ತೆಗೆದ ಸಮುದ್ರದ ನೀರು, ಅದು ಬೇರೆ ಮಾತು.

ಅವನ ಕೆಲಸ ಎರಡು: ಕಲ್ಲು ತೆಗೆದು ಮುಗಿದ ಜಾಗದಲ್ಲಿ ಗಿಡ ಬೆಳೆಸುವುದು, ಪಕ್ಕದ ಪರೀಕ್ಷಾ ಬಾವಿಯ ನೀರಿನ ಮಟ್ಟ ಅಳೆಯುವುದು. ಮರಳುಗಾಡಿನ ಗಣಿಗೆ ಹೋಗಿ ನೋಡಿದರೆ, ಬೂದಿ ಬಣ್ಣದ ಕುರುಚಲು ಗಿಡಗಳು ತಾವಾಗಿಯೇ ಎದ್ದು ನಿಂತಿದ್ದವು. ಎಸೆದ ಮಾವಿನ ಗೊರಟೂ ಮೊಳೆಯುವ ಕಿನ್ನಿಗೋಳಿಯವನಿಗೆ ಅದು ಗಿಡವೆಂದು ಅನಿಸುವುದಾದರೂ ಹೇಗೆ? ಅಷ್ಟನ್ನೂ ಕೀಳಿಸಿ, ದುಬೈಯ ರಸ್ತೆಬದಿಯಲ್ಲಿ ದಟ್ಟ ಹಸಿರಾಗಿ ನಿಂತಿರುವ ಡಮಾಸ್ ಸಸಿಗಳನ್ನು ಬಾವಿಯ ಸುತ್ತ ಸಾಲಾಗಿ ನೆಡಿಸಿದ.

ಎರಡು ವರ್ಷಕ್ಕೆ ಅವು ಆಳೆತ್ತರ ದಾಟಿದವು. ಲೆಸ್ಟರ್ ಬಂದು ಫೋಟೊ ತೆಗೆಸಿಕೊಂಡ.

“ಅಂಕಲ್, ಥೇಟ್ ನಮ್ಮ ಊರೇ!” ಎಂದ.

ಊರಿನ ಇಗರ್ಜಿಯ ಪ್ರಾರ್ಥನೆಗೆ ಒಂದು ಬೆಂಚು ಕೊಟ್ಟರೂ ಅದರ ಬೆನ್ನಿಗೆ ದಾನಿಯ ಹೆಸರು ಕೊರೆಸುವ ಜನ ಅವರು. ನಾರ್ಬರ್ಟ್ ಬೋರ್ಡಿನ ಮಾತೆತ್ತಿದ. “ನಿಮ್ಮ ಹೆಸರು ಮೇಲೆ ಹಾಕುವಾ ಸರ್.”

“ಛೆ ಛೆ, ಬೆವರು ನಿಮ್ಮದು. ನಿಮ್ಮದೊಂದೇ ಇರಲಿ.”

ಎಂಥ ದೊಡ್ಡ ಮನಸ್ಸು ಎಂದು ನಾರ್ಬರ್ಟ್ ಕಣ್ಣೊರೆಸಿಕೊಂಡ. ‘ನಾರ್ಬರ್ಟ್ ವನ’ ಎಂಬ ಬೋರ್ಡು ಇಂಗ್ಲಿಷ್, ಅರಬಿ ಎರಡರಲ್ಲೂ ಎದ್ದಿತು.

“ಆ ಮರಳಿನಲ್ಲಿ ಅದನ್ನು ಓದಲಿಕ್ಕೆ ಯಾರುಂಟು ಮಾರಾಯ್ರೇ? ಒಂಟೆಯಾ?” ಎಂದಳು ಉರ್ಸುಲಾ.

ಗಣಿಯ ಲೈಸೆನ್ಸ್ ನವೀಕರಣದ ಪರಿಶೀಲನೆ ಬಂತು. ನಾರ್ಬರ್ಟನಿಗೆ ಅರವತ್ತು ತುಂಬುತ್ತಿತ್ತು. ಪಾಸಾದರೆ ಅವನ ವೀಸಾ ಮುಂದುವರಿಸುವುದಾಗಿ ಲೆಸ್ಟರ್ ಮಾತು ಕೊಟ್ಟಿದ್ದ. ಇಲ್ಲದಿದ್ದರೆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಮತ್ತೆ ಹೆಸರಿಲ್ಲದವನಾಗಿ ಇಳಿಯಬೇಕು.

ಇಲಾಖೆಯ ಅಧಿಕಾರಿ ಶೈಮಾ ಬಾವಿಗೆ ಟೇಪು ಇಳಿಸಿದಳು. ನೀರು ಪಾತಾಳಕ್ಕೆ ಹೋಗಿತ್ತು. ಅವಳು ಮರಗಳನ್ನು ನೋಡಿದಳು.

“ಇಲ್ಲಿದ್ದ ಕುರುಚಲು ಎಲ್ಲಿ?”

“ಆ ಕಸವಾ ಮೇಡಂ? ಎಲ್ಲ ಕ್ಲೀನ್ ಮಾಡಿಸಿದೆ!”

“ನಾವು ಉಳಿಸಲು ಹೇಳಿದ್ದು ಆ ಕಸವನ್ನೇ. ಈ ಮರದ ಬೇರು ನೀರು ಹುಡುಕಿಕೊಂಡು ಹೋಗುತ್ತದೆ. ಬಾವಿಯ ಪಕ್ಕ ಇದನ್ನು ನೆಡಿಸಿದವರು ಯಾರು?”

ಲೆಸ್ಟರ್ ಬೋರ್ಡಿನತ್ತ ಕೈ ತೋರಿಸಿದ. “ಮಿಸ್ಟರ್ ನಾರ್ಬರ್ಟ್.”

ಅವರ ಬೆನ್ನ ಹಿಂದೆಯೇ ಕಲ್ಲು ತೊಳೆಯುವ ಪಂಪುಗಳು ಅದೇ ನೆಲದ ನೀರನ್ನು ಎಡೆಬಿಡದೆ ಹೀರುತ್ತಿದ್ದವು. ಮರ ಕುಡಿದದ್ದು ಲೋಟದಷ್ಟಾದರೆ ಪಂಪು ಕುಡಿದದ್ದು ಕೆರೆಯಷ್ಟು. ಅದು ನಾರ್ಬರ್ಟನಿಗೆ ಗೊತ್ತಿತ್ತು. ಬಾಯಿ ತೆರೆದ.

ಲೆಸ್ಟರ್ ನಗುನಗುತ್ತಲೇ ಕೊಂಕಣಿಗೆ ಹೊರಳಿದ. “ಅಂಕಲ್, ನಿಮ್ಮ ವೀಸಾದ ಪೇಪರ್ ನನ್ನ ಮೇಜಿನ ಮೇಲೆಯೇ ಉಂಟು.”

“ಏನಂದರು?” ಶೈಮಾ ಕೇಳಿದಳು.

“ಏನಿಲ್ಲ ಮೇಡಂ,” ಎಂದ ನಾರ್ಬರ್ಟ್. “ತಪ್ಪು ನನ್ನದೇ.”

ಲೈಸೆನ್ಸ್ ಸಿಕ್ಕಿತು. ಶರತ್ತು ಒಂದೇ: ಡಮಾಸ್ ಕಡಿಯಬೇಕು, ಕುರುಚಲು ಮರಳಿ ಬರಬೇಕು. ಪಂಪಿನ ಮಾತನ್ನು ಯಾರೂ ಎತ್ತಲಿಲ್ಲ.

ವೀಸಾ ಕೇಳಲು ಹೋದಾಗ ಲೆಸ್ಟರ್ ಎದ್ದು ನಿಂತು ಕುರ್ಚಿ ಕೊಟ್ಟ. “ನಾನೇನು ಮಾಡಲಿ ಅಂಕಲ್? ತಪ್ಪು ನನ್ನದು ಅಂತ ಇಲಾಖೆಯವರ ಮುಂದೆ ನೀವೇ ಹೇಳಿದಿರಲ್ಲ. ಮಾಲೀಕರು ಖಲಾಸ್ ಅಂದರು.”

ಕೊನೆಯ ಕೆಲಸವಾಗಿ ಅವನೇ ನಿಂತು ಮರ ಕಡಿಸಿದ. ಬೋರ್ಡು ಕೀಳಲು ಹೊರಟಾಗ ಲೆಸ್ಟರ್ ಫೋನ್ ಮಾಡಿದ. “ಬೋರ್ಡು ಮಾತ್ರ ಇರಲಿ ಅಂಕಲ್. ಮೇಡಂ ಮತ್ತೆ ಬಂದು ಯಾರು ಅಂತ ಕೇಳಿದರೆ ತೋರಿಸಲಿಕ್ಕೆ ಬೇಕು.”

ನಾರ್ಬರ್ಟ್ ಕಾರಿನ ಕಡೆ ನಡೆದ. ಪಂಪು ಗುಡುಗುಡು ಎನ್ನುತ್ತಲೇ ಇತ್ತು. ತಿರುಗಿ ನೋಡಿದರೆ ಎಲ್ಲಿಂದಲೋ ಬಂದ ಒಂಟೆಯೊಂದು ಬೋರ್ಡಿನ ಅಂಚಿಗೆ ಕುತ್ತಿಗೆ ಉಜ್ಜಿ ತುರಿಸಿಕೊಳ್ಳುತ್ತಿತ್ತು. ಅವನು ಅದನ್ನು ಓಡಿಸಲಿಲ್ಲ.