ಅಕ್ಕನ ಚೀಟಿಯಲ್ಲಿದ್ದ ಪದ

ನಮ್ಮೂರು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅಕ್ಕನಿಗೆ ಎಂಟು, ನನಗೆ ಆರು. ನಾನು ಗಂಗೊಳ್ಳಿಯ ಶಾಲೆಗೆ ಹೋಗುತ್ತಿದ್ದೆ. ಅವಳು ಮನೆಯಲ್ಲೇ ಇದ್ದಳು. ಅವಳಿಗೆ ಮಾತು ತಡವಾಗಿ ಬಂದಿತ್ತು, ಹತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲ. ಡಾಕ್ಟರ ಚೀಟಿ ತಂದರೆ ನೋಡೋಣ ಎಂದು ಹೆಡ್‌ಮಾಸ್ತರರು ಹೇಳಿದ್ದರಿಂದ, ಮೀನು ಮಾರುತ್ತಿದ್ದ ಅಮ್ಮ ಒಂದು ದಿನ ವ್ಯಾಪಾರ ಬಿಟ್ಟು ನಮ್ಮಿಬ್ಬರನ್ನೂ ದೋಣಿ ಹತ್ತಿಸಿ ಕುಂದಾಪುರಕ್ಕೆ ಕರೆದೊಯ್ದಳು.

ಡಾಕ್ಟರು ಹೆಸರು ಕೇಳಿದರು, ಇವತ್ತು ಯಾವ ವಾರ ಎಂದರು. ಹೆದರಿದ ಅಕ್ಕ ಅಮ್ಮನ ಸೆರಗು ಬಾಯಿಗೆ ತುರುಕಿಕೊಂಡು ನಿಂತಳು. ಐದು ನಿಮಿಷವೂ ಆಗಿರಲಿಕ್ಕಿಲ್ಲ. ಚೀಟಿಯಲ್ಲಿ ಇಂಗ್ಲಿಷಿನ ಒಂದೇ ಪದ ಬರೆದರು: ಇಂಬೆಸಿಲ್.

ಹೆಡ್‌ಮಾಸ್ತರರು ಅದನ್ನೋದಿ ಮಡಚಿ ವಾಪಸು ಕೊಟ್ಟರು. "ಇವ್ಳಿಗ್ ಶಾಲೆ ಆತಿಲ್ಲೆ. ಮನೀಲೇ ಇರ್ಲಿ."

"ಎಂತ ಬರದಿತ್ತ್ ಒಡೆಯಾ?" ಎಂದಳು ಅಮ್ಮ. ಅವರು ಹಾಜರಿ ಪುಸ್ತಕ ಎಳೆದುಕೊಂಡರು.

ಹೈಸ್ಕೂಲಿನಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತೆಗೆದು ಚೀಟಿಯ ಆ ಪದವನ್ನು ನಾನೇ ಹುಡುಕಿದೆ. ಈಡಿಯಟ್‌ಗಿಂತ ಬುದ್ಧಿಯ ಅಳತೆಯಲ್ಲಿ ಒಂದು ಮೆಟ್ಟಿಲು ಮೇಲೆ, ಮೋರಾನ್‌ಗಿಂತ ಕೆಳಗೆ. ಅಮ್ಮನಿಗೆ ತಿಳಿಸಲಿಲ್ಲ. ಆದರೆ ಅವತ್ತಿನಿಂದ ಗೆಳತಿಯರನ್ನು ಮನೆಗೆ ಕರೆಯುವುದನ್ನು ಬಿಟ್ಟೆ.

ಎಪ್ಪತ್ತರ ದಶಕದ ಆರಂಭಕ್ಕೆ ನಾನು ಕೊಕ್ಕರ್ಣೆಯಲ್ಲಿ ಟೀಚರಾಗಿದ್ದೆ. ಅಕ್ಕನಿಗೆ ಫಿಟ್ಸ್ ಬಂದಿತೆಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ಹೊಸ ಡಾಕ್ಟರು ಅರ್ಧ ದಿನ ಅವಳ ಜೊತೆ ಕೂತರು. ಮರದ ತುಂಡುಗಳನ್ನು ಜೋಡಿಸಲು ಕೊಟ್ಟರು, ಮನೆಯಲ್ಲಿ ಏನೇನು ಮಾಡುತ್ತೀ ಎಂದು ಕೇಳಿದರು. ಬುಟ್ಟಿಯಲ್ಲಿ ಬಂಗುಡೆ, ಬೂತಾಯಿ ಮೀನು ಬೇರೆ ಮಾಡುವುದು ಹೇಗೆಂದು ಅವಳು ಕೈಯಾಡಿಸಿ ವಿವರಿಸಿದಳು. ಕೊನೆಗೆ ಅವರು ಅಮ್ಮ ಜೋಪಾನವಾಗಿಟ್ಟಿದ್ದ ಹಳೆಯ ಚೀಟಿ ನೋಡಿದರು.

"ಈ ಪದಗಳನ್ನೆಲ್ಲ ಈಗ ಬಿಟ್ಟಿದ್ದೇವೆ. ಮೆಂಟಲ್ ರಿಟಾರ್ಡೇಶನ್ ಅನ್ನುತ್ತೇವೆ. ಅದರಲ್ಲಿ ಅಲ್ಪ, ಮಧ್ಯಮ, ತೀವ್ರ ಅಂತ ಇದೆ. ಇವರದು ಅಲ್ಪ, ಅಷ್ಟೇ. ಎಷ್ಟನೇ ಕ್ಲಾಸಿನವರೆಗೆ ಓದಿದ್ದಾರೆ?"

ನಾನು ಆ ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಬಸ್ಸಿನಲ್ಲಿ ಅಮ್ಮ ಕೇಳಿದಳು: "ಹೆಸ್ರ್ ಬದ್ಲ್ ಮಾಡ್ದ್ರ್ ಸೈ. ಕಳ್ದ್ ಹೋದ್ ಇಷ್ಟ್ ವರ್ಷ ಯಾರ್ ವಾಪಸ್ ಕೊಡ್ತ್ರ್?"

ಆಮೇಲೆ ಭಾನುವಾರಗಳಂದು ಊರಿಗೆ ಬಂದು ನಾನು ಅಕ್ಕನಿಗೆ ಅಕ್ಷರ ಕಲಿಸಿದೆ. ಮೂರು ತಿಂಗಳಿಗೆ ತನ್ನ ಹೆಸರು ಬರೆದಳು, ಸೊಟ್ಟಗೆ, ಆದರೆ ತಪ್ಪಿಲ್ಲದೆ. ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು: "ಇನ್ ಶಾಲಿಗ್ ಹೋಪುಕಾತ್ತಾ ನಂಗೆ?"

ಅವಳಿಗಾಗ ಇಪ್ಪತ್ತಮೂರು. "ಇಲ್ಲೆ" ಎಂದೆ. ಅವಳು ಸ್ಲೇಟನ್ನು ಗೋಡೆಗೆ ಒರಗಿಸಿಟ್ಟಳು. ಎದ್ದು ಬಾವಿಕಟ್ಟೆಗೆ ಮೀನು ತೊಳೆಯಲು ಹೋದಳು.