ಹೊಸ ಕೋಳಿಗೆ ಬೀಗರ ಕಾವಲು

ಹೆಂಡತಿ ತೀರಿಕೊಂಡ ಮೇಲೆ ಮಗಳ ಗಂಡನ ಮನೆ ಸೇರಿದ ಇವರು ಎಲ್ಲರ ಬಾಯಲ್ಲೂ ಬೀಗರು. ಹಿತ್ತಲ ಕೋಳಿಗೂಡೇ ಇವರ ಕಚೇರಿ. ಹೊಸ ಕೋಳಿ ಬಂತೆಂದರೆ ಇವರ ಗತ್ತು ನೋಡಬೇಕು, ಹೆಣ್ಣು ಕೊಡುವವರೂ ಅಷ್ಟು ಹುಷಾರಾಗಿರುವುದಿಲ್ಲ. ಮೊದಲ ವಾರ ಹೊಸಬರು ಬಲೆಯ ಆಚೆ, ಹಳಬರು ಈಚೆ; ನೋಡಬಹುದು, ಕುಕ್ಕುವಂತಿಲ್ಲ. ಆಮೇಲೆ ಬಲೆ ತೆಗೆದು, ಕಾಳಿನ ಬಟ್ಟಲು ಎರಡು ಕಡೆ ಇಟ್ಟು, ನಡುವೆ ತಾವೇ ಮುಕ್ಕಾಲಿ ಹಾಕಿಕೊಂಡು ಕೂರುತ್ತಾರೆ. ಹಳೇ ಕರಿ ಕೋಳಿ ಕತ್ತು ನಿಗುರಿಸಿದರೆ, "ಏನೇ ಯಜಮಾನಿ, ಹಿತ್ತಲನ್ನ ನಿಮ್ಮಪ್ಪ ಬರೆದುಕೊಟ್ಟಿದ್ನಾ?" ಎಂದು ಗದರುತ್ತಾರೆ. ಮೂಲೆ ಸೇರಿದ ಹೊಸ ಕೆಂಪಿಗೆ ದನಿ ತಗ್ಗಿಸಿ, "ತಿನ್ನು ತಾಯಿ, ಹಂಗಿನ ಕಾಳಲ್ಲ" ಎನ್ನುತ್ತಾರೆ. ಹೀಗೆ ಹೇಳುವ ಪುಣ್ಯಾತ್ಮರು ತಾವು ಮಾತ್ರ ಮನೆಯವರೆಲ್ಲ ಉಂಡೆದ್ದ ಮೇಲೆಯೇ ತಟ್ಟೆ ಮುಟ್ಟುವುದು. "ಈಗ ಹಸಿವಿಲ್ಲ" ಎನ್ನುವುದು ಮೂರು ವರ್ಷದ ಹಳೇ ಸುಳ್ಳು. ನಿನ್ನೆ ಬೆಳಿಗ್ಗೆ ಮಗಳ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು, "ಬೀಗರೇ, ಕಪಾಟಿನ ಕೆಳಗಿನ ಖಾನೆ ಖಾಲಿ ಮಾಡಿದ್ದೀನಿ. ಇನ್ನಾದ್ರೂ ಆ ಸೂಟ್‌ಕೇಸಿಂದ ಬಟ್ಟೆ ತೆಗೆದಿಡಿ, ಊರಿಗೆ ಹೊರಟವರ ಹಾಗೆ ಎಷ್ಟು ದಿನ ಇರ್ತೀರಿ?" ಎಂದರು. ದಿನವಿಡೀ ಕೋಳಿಗಳಿಗೆ ಬುದ್ಧಿ ಹೇಳುವ ಬೀಗರು ಮುಕ್ಕಾಲಿ ಬಿಟ್ಟೆದ್ದರು. ಕೈ ತೊಳೆದುಕೊಂಡು ಒಳಗೆ ಹೋದರು. ಇದ್ದದ್ದು ನಾಲ್ಕೇ ಅಂಗಿ. ಜೋಡಿಸಿಟ್ಟು ಮುಗಿಸಲು ಸಂಜೆಯಾಯಿತು.